ಮಳೆಗಾಲದ ಆಟಗಳು

ಜುಲೈ 6, 2024, ಶನಿವಾರ

ಪುಟ್ಟ ಬೆಳಗಿನ ಬಸ್ಸಿಗೆ ಬಂದ. ಅಕ್ಕನ ಮಗ. ಎಂಜಿನಿಯರಿಂಗ್ ಸೆಮಿಸ್ಟರ್ ಪರೀಕ್ಷೆ ಮುಗಿದು ರಜೆ, ಇನ್ನೊಂದು ತಿಂಗಳು ಇಲ್ಲೇ ಠಿಕಾಣಿ. ಬ್ಯಾಗಿನಲ್ಲಿ ಬಟ್ಟೆಗಿಂತ ವೈರು ಹೆಚ್ಚು. ಒಗೆಯುವುದಕ್ಕೆ ಕೊಡು ಎಂದು ನನ್ನ ಹೆಂಡತಿ ಸುಮ ಕೇಳಿದರೆ ಎರಡು ಟೀ ಶರ್ಟು, ಒಂದು ಪ್ಯಾಂಟು ಕೊಟ್ಟ. ಉಳಿದದ್ದೆಲ್ಲ ಲ್ಯಾಪ್‌ಟಾಪು, ಚಾರ್ಜರು, ಕಂಟ್ರೋಲರು, ಹೆಡ್‌ಫೋನು.

ಮಧ್ಯಾಹ್ನ ಮಳೆ ಹಿಡಿದುಕೊಂಡಿತು. ಅಂಗಳಕ್ಕೆ ಇಳಿಯುವ ಹಾಗೂ ಇಲ್ಲ. "ಮಾವ, ನೀವು ಯಾವತ್ತಾದ್ರೂ ವಿಡಿಯೊ ಗೇಮ್ ಆಡಿದೀರಾ?" ಅಂದ. ಆಡಿದ್ದೇನೆ. ಕಾಲೇಜಿನ ದಿನಗಳಲ್ಲಿ ಸಾಗರದ ಮಾರಿ ಜಾತ್ರೆಯಲ್ಲಿ ಕೈಯಲ್ಲಿ ಹಿಡಿಯುವ ಬೂದು ಬಣ್ಣದ ಒಂದು ಪೆಟ್ಟಿಗೆ ಕೊಂಡಿದ್ದೆ. ಎರಡು ಪೆನ್ಸಿಲ್ ಸೆಲ್ ಹಾಕಬೇಕಿತ್ತು. ಒಳಗೆ 9999 ಆಟಗಳಿವೆ ಎಂದು ಡಬ್ಬದ ಮೇಲೆ ಬರೆದಿತ್ತು. ಇದ್ದದ್ದು ಒಂದು ಕೈಬೆರಳೆಣಿಕೆಯಷ್ಟು ಆಟ, ವೇಗ ಬದಲಾಯಿಸಿ ಬದಲಾಯಿಸಿ ನಂಬರು ಹಚ್ಚಿದ್ದರು ಅಷ್ಟೆ. ಅದರಲ್ಲಿ ಆಡುವಂಥದ್ದು ಒಂದೇ: ಮೇಲಿಂದ ಬೀಳುವ ತುಂಡುಗಳನ್ನು ತಿರುಗಿಸಿ ಕೂರಿಸುವುದು.

"ಅದು ಟೆಟ್ರಿಸ್" ಎಂದು ಲ್ಯಾಪ್‌ಟಾಪಿನಲ್ಲಿ ತೆಗೆದುಕೊಟ್ಟ. ನಾಲ್ಕು ಚೌಕ ಸೇರಿದ ಒಂದು ತುಂಡು, ಅಂಥ ಆಕಾರಗಳು ಏಳೇ ಏಳು. ಮಾಡಿದವನು ಅಲೆಕ್ಸಿ ಪಾಝಿಟ್ನೋವ್, 1984ರಲ್ಲಿ, ಮಾಸ್ಕೋದ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸಕ್ಕಿದ್ದಾಗ. ಅಲ್ಲಿದ್ದ ಎಲೆಕ್ಟ್ರೋನಿಕಾ 60 ಎಂಬ ಯಂತ್ರದಲ್ಲಿ ಚಿತ್ರ ಮೂಡಿಸುವ ಸೌಕರ್ಯವೇ ಇರಲಿಲ್ಲವಂತೆ. ಟೈಪು ಮಾಡುವ ಆವರಣ ಚಿಹ್ನೆಗಳನ್ನೇ ಜೋಡಿಸಿ ಚೌಕ ಮಾಡಿದ. ಸರ್ಕಾರಿ ಕಚೇರಿಯ ಹಳೇ ಯಂತ್ರದ ಮುಂದೆ ಕೂತು, ಮೇಲಧಿಕಾರಿಗಳಿಗೆ ಬೇಕಾದ ಕೆಲಸದ ನಡುವೆಯೇ ಇಂಥದ್ದೊಂದನ್ನು ಮಾಡಿದನಲ್ಲ ಎಂದು ನನಗೆ ಆ ಮನುಷ್ಯನ ಮೇಲೆ ಅಭಿಮಾನ ಬಂತು.

ಊಟಕ್ಕೆ ಕರೆದಿದ್ದು ಕೇಳಿಸಲಿಲ್ಲ. ಸುಮ ಬಂದು ಲ್ಯಾಪ್‌ಟಾಪು ಮುಚ್ಚಿದಳು.

ಜುಲೈ 9, ಮಂಗಳವಾರ

ಕಣ್ಣು ಮುಚ್ಚಿದರೆ ತುಂಡುಗಳು ಬೀಳುತ್ತಿವೆ. ಕಚೇರಿಯಲ್ಲಿ ಟಪ್ಪಾಲು ಜೋಡಿಸುವಾಗಲೂ ಯಾವ ಲಕೋಟೆ ಯಾವ ಸಂದಿಗೆ ಕೂರುತ್ತದೆ ಎಂದೇ ಕೈ ನೋಡುತ್ತದೆ. ಪುಟ್ಟನಿಗೆ ಹೇಳಿದರೆ ನಕ್ಕ, ಅದರ ಮೇಲೆ ಸಂಶೋಧನೆಯೇ ನಡೆದಿದೆ ಅಂದ. ಹಾರ್ವರ್ಡಿನ ರಾಬರ್ಟ್ ಸ್ಟಿಕ್‌ಗೋಲ್ಡ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ್ದು. ಟೆಟ್ರಿಸ್ ಆಡಿದವರನ್ನು ನಿದ್ದೆಗೆ ಜಾರುವಾಗ ಎಬ್ಬಿಸಿ ಏನು ಕಂಡಿತು ಎಂದು ಕೇಳಿದರು. ಬಹಳ ಜನ ಬೀಳುವ ತುಂಡು ಕಂಡಿತು ಎಂದರು. ಅವರಲ್ಲಿ ಹೊಸ ನೆನಪು ನಿಲ್ಲದ ಕಾಯಿಲೆಯವರೂ ಇದ್ದರು. ಆಟ ಆಡಿದ್ದೇ ಅವರಿಗೆ ನೆನಪಿಲ್ಲ, ಪ್ರತಿ ಸಲ ಹೊಸದಾಗಿ ಹೇಳಿಕೊಡಬೇಕು. ಅವರಿಗೂ ನಿದ್ದೆಯಂಚಿನಲ್ಲಿ ಆ ಆಕಾರಗಳೇ ಕಂಡವು. ಇದನ್ನು ಕೇಳಿದ ಮೇಲೆ ನನಗೆ ಆಟಗಳನ್ನು ಹುಡುಗಾಟವೆಂದು ತಳ್ಳಿಹಾಕುವ ಧೈರ್ಯ ಉಳಿಯಲಿಲ್ಲ. ಬುದ್ಧಿ ಮರೆತದ್ದನ್ನೂ ಇನ್ನೆಲ್ಲೋ ಬರೆದಿಡುವ ಶಕ್ತಿ ಇದಕ್ಕಿದೆ.

ರಾತ್ರಿ ಅವನ ಫೋನಿನಲ್ಲಿ ಬಿಜಿಎಂಐ. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಯನ್ನು ಸರ್ಕಾರ ನಿಷೇಧಿಸಿತ್ತು, ಮರುವರ್ಷ ಅದೇ ಆಟ ಈ ಹೆಸರಿನಲ್ಲಿ ಬಂತು. ನೂರು ಜನ ವಿಮಾನದಿಂದ ದ್ವೀಪಕ್ಕೆ ಹಾರಿ, ಒಬ್ಬನೇ ಉಳಿಯುವ ತನಕ ಬಡಿದಾಡುವುದು. ನಾನು ಒಂದು ಮನೆಯೊಳಗೆ ಹೋಗಿ ಬಾಗಿಲು ಹಾಕುವಷ್ಟರಲ್ಲಿ ಯಾರೋ ಹೊಡೆದರು. ಎಲ್ಲಿಂದ ಹೊಡೆದರೆಂದೂ ತಿಳಿಯಲಿಲ್ಲ. ಪುಟ್ಟನ ವಯಸ್ಸಿನವರಿಗೆ ಸರಿ. ನನಗೆ ಬೇಡ.

ಜುಲೈ 14, ಭಾನುವಾರ

ಇವತ್ತು ಬೇಸಾಯ ಮಾಡಿದೆ. ಸ್ಟಾರ್‌ಡ್ಯೂ ವ್ಯಾಲಿ. 2016ರಲ್ಲಿ ಬಂದದ್ದು, ಎರಿಕ್ ಬರೋನ್ ಎಂಬ ಅಮೆರಿಕದ ಹುಡುಗ ಚಿತ್ರ, ಸಂಗೀತ, ಕಥೆ, ಪ್ರೋಗ್ರಾಂ ಎಲ್ಲವನ್ನೂ ಒಬ್ಬನೇ ಕೂತು ನಾಲ್ಕು ವರ್ಷಕ್ಕೂ ಮೇಲೆ ಮಾಡಿದ. ಪಟ್ಟಣದ ಕಂಪನಿಯಲ್ಲಿ ಬೇಸತ್ತವನಿಗೆ ಅಜ್ಜನ ಹಾಳುಬಿದ್ದ ಹೊಲ ಸಿಗುತ್ತದೆ. ಕಳೆ ಕೀಳು, ಕಲ್ಲು ಒಡೆ, ಬೀಜ ಹಾಕು, ನೀರು ಹಾಕು. ಊರವರನ್ನು ಮಾತಾಡಿಸು. ಸಂಜೆಯಾದರೆ ಮಲಗು.

ಹಿತವಾದ ಆಟ. ಮಧ್ಯಾಹ್ನವಿಡೀ ಹೋಯಿತು. ಆದರೆ ಅಲ್ಲಿ ಮಳೆ ಬಂದ ದಿನ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಈ ಆಟದಲ್ಲಿ ಮಳೆಯೆಂದರೆ ರಜೆ! ಗಿಡಗಳಿಗೆ ತಾನೇ ನೀರು ಬೀಳುತ್ತದೆ, ಆವತ್ತು ಮೀನು ಹಿಡಿಯಲು ಹೋಗಬಹುದು. ಇಲ್ಲಿ ಹೊರಗೆ ಸುರಿಯುತ್ತಿರುವ ಮಳೆಗೆ ಅಣ್ಣನಿಗೆ ನಿದ್ದೆ ಇಲ್ಲ. ಅಡಿಕೆ ತೋಟಕ್ಕೆ ಮೊದಲ ಔಷಧಿ ಹೊಡೆಸಿದ್ದಾಯಿತು, ಎರಡನೆಯದಕ್ಕೆ ಬಿಡುವು ಸಿಗುತ್ತಿಲ್ಲ. ಮೈಲುತುತ್ತ, ಸುಣ್ಣ ತಂದಿಟ್ಟು ಕೂತಿದ್ದಾನೆ. ಮಳೆ ಅರ್ಧ ದಿನವಾದರೂ ಹೊಳವಾಗಬೇಕು, ಆವತ್ತೇ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡನೂ ಸಿಗಬೇಕು. ಆ ದಿನ ಸೀಮೆಯ ತೋಟದವರಿಗೆಲ್ಲ ಅವನೇ ಬೇಕು. ತಪ್ಪಿದರೆ ಕೊಳೆರೋಗ, ಹಸಿ ಅಡಿಕೆ ಮರದ ಬುಡದಲ್ಲಿ ಉದುರಿ ಬಿದ್ದಿರುತ್ತದೆ. ಸ್ಟಾರ್‌ಡ್ಯೂದಲ್ಲಿ ಕಾಗೆ ಬಂದು ಪೈರು ತಿನ್ನುತ್ತದೆ, ಋತು ಬದಲಾದ ದಿನ ಹಳೇ ಪೈರು ಒಣಗಿ ನಿಲ್ಲುತ್ತದೆ. ಅಷ್ಟೇ. ಆಳು ಸಿಗದ ಚಿಂತೆ ಇಲ್ಲ, ಕೊಳೆ ಇಲ್ಲ, ರೇಟು ಬಿದ್ದಿತು ಎಂಬ ಮಾತಿಲ್ಲ.

"ಅದಕ್ಕೇ ಅಲ್ವಾ ಮಾವ ಜನ ಆಡೋದು" ಅಂದ ಪುಟ್ಟ. ನಿಜ. ಒಂದು ಕೆಲಸವನ್ನು ಆಟ ಮಾಡುವವನು ಅದರಲ್ಲಿ ಏನನ್ನು ಇಟ್ಟುಕೊಂಡ, ಏನನ್ನು ಬಿಟ್ಟ ಎಂದು ನೋಡಬೇಕು. ಬರೋನ್ ಬೇಸಾಯದ ಭಯವನ್ನು ಬಿಟ್ಟು ಬೆವರನ್ನು ಮಾತ್ರ ಇಟ್ಟುಕೊಂಡಿದ್ದಾನೆ, ಅದೂ ಒಂದು ಹಸಿರು ಪಟ್ಟಿಯಲ್ಲಿ ಅಳೆದು. ಅಣ್ಣನಿಗೆ ತೋರಿಸಬಾರದು ಇದನ್ನು, ನಕ್ಕಾನು, ಇಲ್ಲವೇ ಬೈದಾನು.

ಜುಲೈ 17, ಬುಧವಾರ

ಮೊಹರಂ ರಜೆ. ಏಜ್ ಆಫ್ ಎಂಪೈರ್ಸ್‌ನ ಎರಡನೆಯದು. 1999ರ ಆಟ, ಈಗಲೂ ಹುಡುಗರು ಆಡುತ್ತಾರೆ. ಹಳ್ಳಿಗರನ್ನು ಸೌದೆಗೆ, ಚಿನ್ನಕ್ಕೆ, ಕುರಿ ಹುಡುಕುವುದಕ್ಕೆ ಕಳಿಸಿ, ಊರು ಕಟ್ಟಿ, ಸೈನ್ಯ ಮಾಡಿ ಪಕ್ಕದವನ ಮೇಲೆ ಬೀಳುವುದು. ಹೊಲ ಮಾಡಬೇಕಾದರೆ 60 ಸೌದೆ ಕೊಡಬೇಕು! ಬೀಜ ಬೇಡ, ಗೊಬ್ಬರ ಬೇಡ, ಸೌದೆ ಸಾಕು. ಹಳ್ಳಿಗರು ಉಣ್ಣುವುದಿಲ್ಲ, ಮಲಗುವುದಿಲ್ಲ, ಒಂದು ದಿನ ಹುಷಾರು ತಪ್ಪುವುದಿಲ್ಲ. ಚಕ್ರವರ್ತಿಗಳ ಚರಿತ್ರೆ ಬರೆದವರ ಕಣ್ಣಿಗೂ ಜನ ಹೀಗೇ ಕಂಡಿದ್ದರೋ ಏನೋ.

ಮೊದಲಿಗೆ ಇದರಲ್ಲಿ ಭಾರತದವರೇ ಇರಲಿಲ್ಲ. 2013ರಲ್ಲಿ 'ಭಾರತೀಯರು' ಎಂದು ಒಂದೇ ಗುಂಪು ಬಂತು. 2022ರಲ್ಲಿ ಅದನ್ನು ಒಡೆದು ಹಿಂದುಸ್ತಾನಿಗಳು, ಗುರ್ಜರರು, ಬಂಗಾಳಿಗಳು, ದ್ರಾವಿಡರು ಎಂದು ನಾಲ್ಕು ಮಾಡಿದರು. ನಾನು ಸಹಜವಾಗಿ ದ್ರಾವಿಡರನ್ನು ಆರಿಸಿಕೊಂಡೆ. ಹಳ್ಳಿಗನನ್ನು ಒತ್ತಿದರೆ ತಮಿಳಿನಲ್ಲಿ ಓಗೊಟ್ಟ. ಚಾಲುಕ್ಯ, ಹೊಯ್ಸಳ, ವಿಜಯನಗರ ಎಲ್ಲ ಅದರೊಳಗೇ ಎಲ್ಲೋ ಸೇರಿಕೊಂಡಿರಬೇಕು. ಕೇರಳದ ಉರುಮಿ ಹಿಡಿದ ಸೈನಿಕ ಇದ್ದಾನೆ, ದಕ್ಷಿಣದ ಉಕ್ಕಿಗೆ ಶತ್ರುವಿನ ಕವಚ ಲೆಕ್ಕಕ್ಕಿಲ್ಲದಂತೆ ಮಾಡಿದ್ದಾರೆ, ಅಷ್ಟು ಸಮಾಧಾನ. ಪುಟ್ಟ ನನ್ನ ಊರನ್ನು ಸುಟ್ಟುಹಾಕಿದ ಮೇಲೆ ಕಾಫಿ ಕುಡಿದೆವು.

ಜುಲೈ 20, ಶನಿವಾರ

"ಮಾವ, ಇದು ನಿಮ್ಮದೇ ಕೆಲಸ" ಎಂದು ಪೇಪರ್ಸ್, ಪ್ಲೀಸ್ ಹಾಕಿಕೊಟ್ಟ. ಇಡೀ ತಿಂಗಳು ಇದಕ್ಕಾಗಿಯೇ ಕಾದಿದ್ದೆನೋ ಎನ್ನುವ ಹಾಗಾಯಿತು.

2013ರ ಆಟ, ಮಾಡಿದವನು ಲೂಕಸ್ ಪೋಪ್. ಅಮೆರಿಕದವನು, ಜಪಾನಿನಲ್ಲಿ ನೆಲೆಸಿದವನು. ದೇಶದಿಂದ ದೇಶಕ್ಕೆ ಓಡಾಡುವಾಗ ಪಾಸ್‌ಪೋರ್ಟ್ ನೋಡುವವರ ಮುಂದೆ ನಿಂತು ನಿಂತು ಈ ಆಟ ಹೊಳೆಯಿತಂತೆ. ಆರ್‌ಸ್ಟೋಟ್ಸ್ಕಾ ಎಂಬ ಇಲ್ಲದ ದೇಶ, ಗ್ರೆಸ್ಟಿನ್ ಎಂಬ ಗಡಿ. 1982ರ ನವೆಂಬರ್ 23ಕ್ಕೆ ಕೆಲಸಕ್ಕೆ ಸೇರುತ್ತೇವೆ. ಲಾಟರಿಯಲ್ಲಿ ಹೆಸರು ಬಂದು ಸಿಕ್ಕ ಕೆಲಸ. ಒಂದು ಗೂಡು, ಒಂದು ಕಿಟಕಿ, ಹೊರಗೆ ಬೆಳೆಯುತ್ತಲೇ ಇರುವ ಸಾಲು. ಧ್ವನಿವರ್ಧಕದಲ್ಲಿ ಕರೆದರೆ ಒಬ್ಬರು ಒಳಗೆ ಬಂದು ಕಾಗದಗಳನ್ನು ಕಟ್ಟೆಯ ಮೇಲೆ ಇಡುತ್ತಾರೆ. ಅವಧಿ ಮುಗಿದಿದೆಯೇ, ಪಾಸ್‌ಪೋರ್ಟ್ ಕೊಟ್ಟ ಊರು ಆ ದೇಶದ್ದೇ ಹೌದೇ, ಫೋಟೊ ಇವರದ್ದೇ, ಗಂಡೋ ಹೆಣ್ಣೋ, ಪರವಾನಿಗೆಯ ನಂಬರಿಗೂ ಪಾಸ್‌ಪೋರ್ಟಿನ ನಂಬರಿಗೂ ತಾಳೆಯಾಗುತ್ತದೆಯೇ. ಆಮೇಲೆ ಬಲಗಡೆಯಿಂದ ಮೊಹರುಗಳ ಪಟ್ಟಿ ಎಳೆದು ಹಸಿರೋ ಕೆಂಪೋ ಒತ್ತುವುದು. ಒತ್ತಿದ ಶಬ್ದ ಬಹಳ ಚೆನ್ನಾಗಿದೆ. ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದ ಸರ್ವೀಸಿನವನು ಹೇಳುತ್ತಿದ್ದೇನೆ, ಮರದ ಹಿಡಿಯ ಮೊಹರಿನ ಶಬ್ದ ಅದೇ.

ಮೊದಲು ಗಮನಕ್ಕೆ ಬಂದದ್ದು ಮೇಜು. ಅದು ಚಿಕ್ಕದು, ಬೇಕೆಂದೇ ಚಿಕ್ಕದು. ಪಾಸ್‌ಪೋರ್ಟ್ ಇಟ್ಟರೆ ಪರವಾನಿಗೆಗೆ ಜಾಗವಿಲ್ಲ, ನಿಯಮದ ಪುಸ್ತಕ ತೆರೆದರೆ ಎರಡೂ ಅಡಿಗೆ ಹೋಗುತ್ತವೆ. ಪುಟ್ಟ ಆಡುವಾಗ ಎಲ್ಲ ಹರಡಿಕೊಂಡು ಒದ್ದಾಡುತ್ತಾನೆ. ನಾನು ನಿಯಮದ ಪುಸ್ತಕವನ್ನು ಎಡಮೂಲೆಗೆ ಸರಿಸಿ, ನೋಡಿದ ಕಾಗದವನ್ನು ಮೇಲೆ ದೂಡಿ, ಅವಧಿಯ ದಿನಾಂಕವನ್ನು ಮೊದಲು ನೋಡಿ ಸರಸರ ಮುಗಿಸಿದೆ. "ಅಬ್ಬಾ ಮಾವ!" ಅಂದ. ಹೊಗಳಿಕೆ ಸುಳ್ಳಲ್ಲ, ದಿನದ ಕೊನೆಗೆ ನನ್ನ ಲೆಕ್ಕದಲ್ಲಿ ಅವನಿಗಿಂತ ಹೆಚ್ಚು ಜನ ಇದ್ದರು. ತಲೆಗೆ ಐದು ಕ್ರೆಡಿಟ್ ಸಂಬಳ.

ದಿನಕ್ಕೊಂದು ಸುತ್ತೋಲೆ. ಮೊದಲ ದಿನ ಸ್ವದೇಶದವರಿಗೆ ಮಾತ್ರ ಪ್ರವೇಶ, ಮಾರನೇ ದಿನ ವಿದೇಶಿಯರಿಗೂ, ಮೂರನೇ ದಿನ ಟಿಕೆಟ್ ಬೇಕು, ಆಮೇಲೆ ಟಿಕೆಟ್ ನಡೆಯುವುದಿಲ್ಲ, ಪರವಾನಿಗೆ ತರಬೇಕು. ನಿನ್ನೆಯ ನಿಯಮ ತಿಳಿದು ಬಂದವರು ಇವತ್ತು ಕಿಟಕಿಯಲ್ಲಿ ನಿಂತಿರುತ್ತಾರೆ. ಇದನ್ನು ಪೋಪ್‌ಗೆ ಯಾರು ಹೇಳಿಕೊಟ್ಟರು?

ರಾತ್ರಿ ಮನೆಯ ಲೆಕ್ಕ. ಬಾಡಿಗೆ, ಊಟ, ಚಳಿ ಕಾಯಿಸಲು ಖರ್ಚು. ಹೆಂಡತಿ, ಮಗ, ಅತ್ತೆ, ಚಿಕ್ಕಪ್ಪ ಇದ್ದಾರೆ, ಮುಖ ಕಾಣಿಸುವುದಿಲ್ಲ, ಹೆಸರಿನ ಪಕ್ಕ 'ಹಸಿವು', 'ಚಳಿ', 'ಕಾಯಿಲೆ' ಎಂದಷ್ಟೇ ಬರುತ್ತದೆ. ಇದಾದ ಮೇಲೆ ಗಡಿಯ ಕಾವಲುಗಾರನೊಬ್ಬ ನಗುತ್ತಾ ಕಿಟಕಿಗೆ ಬರುತ್ತಾನೆ. ಜನರನ್ನು ಹಿಡಿದು ಕೊಟ್ಟಷ್ಟೂ ನನಗೆ ಹೆಚ್ಚು ಬರುತ್ತದೆ, ನಿನಗೂ ಒಂದು ಪಾಲು ಎನ್ನುತ್ತಾನೆ. ಗದರುವುದಿಲ್ಲ, ಹೆದರಿಸುವುದಿಲ್ಲ, ಸ್ನೇಹದಿಂದಲೇ ಹೇಳುತ್ತಾನೆ. ನಾನು ಸುಮ್ಮನೆ ಪುಟ್ಟನ ಮುಖ ನೋಡಿದೆ. ಇಷ್ಟು ಸರಿಯಾಗಿ ಬರೆದದ್ದನ್ನು ನಾನು ಕಾದಂಬರಿಗಳಲ್ಲೂ ಕಡಿಮೆ ಓದಿದ್ದೇನೆ.

ಜುಲೈ 23, ಮಂಗಳವಾರ

ಕರೆಂಟು ಹೋಗಿ ಬಂದು ಮಾಡುತ್ತಿದೆ. ಯುಪಿಎಸ್ ಉಳಿದಷ್ಟು ಹೊತ್ತು ಗ್ರೆಸ್ಟಿನ್ ಗಡಿಯಲ್ಲಿದ್ದೆ.

ಒಬ್ಬ ಬಂದ. ಕಾಗದವೆಲ್ಲ ಸರಿ ಇತ್ತು. ಹೋಗುವಾಗ, ಹಿಂದೆಯೇ ನನ್ನ ಹೆಂಡತಿ ಬರುತ್ತಾಳೆ, ಅವಳನ್ನು ಸ್ವಲ್ಪ ನೋಡಿಕೊಳ್ಳಿ ಅಂದ. ಅವಳು ಬಂದಳು. ಪ್ರವೇಶ ಪರವಾನಿಗೆ ಇಲ್ಲ. ವಾಪಸು ಹೋದರೆ ಕೊಲ್ಲುತ್ತಾರೆ ಎನ್ನುತ್ತಾಳೆ. ಒಳಗೆ ಬಿಟ್ಟೆ. ಗೂಡಿನ ಮೂಲೆಯ ಯಂತ್ರ ಟರ್ರೆಂದು ಮೆಮೊ ಮುದ್ರಿಸಿತು. ದಿನಕ್ಕೆ ಎರಡು ಮೆಮೊ ಬರೀ ಎಚ್ಚರಿಕೆ, ಮೂರನೆಯದರಿಂದ ಸಂಬಳದಲ್ಲಿ ಮುರಿಯುತ್ತಾರೆ. ಆಗ ತಲೆಯಲ್ಲಿ ಒಂದು ಲೆಕ್ಕ ಶುರುವಾಯಿತು. ಆ ಎರಡು ಪುಕ್ಕಟೆ ಮೆಮೊಗಳನ್ನು ಇಂಥವರಿಗೆಂದು ಎತ್ತಿಡಬೇಕು. ಎತ್ತಿಡಬೇಕಾದರೆ ಮಿಕ್ಕವರ ಕಾಗದದಲ್ಲಿ ಒಂದು ಅಂಕಿಯೂ ತಪ್ಪಬಾರದು. ಕರುಣೆ ತೋರಿಸಬೇಕಾದವನು ಕೆಲಸದಲ್ಲಿ ಬಿಗಿಯಾಗಿರಬೇಕು. ಕೈಸಡಿಲದ ಗುಮಾಸ್ತನ ಹತ್ತಿರ ಕರುಣೆಗೆ ಬಜೆಟ್ಟೇ ಉಳಿಯುವುದಿಲ್ಲ. ಇದನ್ನು ಆಟ ಎಲ್ಲಿಯೂ ಹೇಳುವುದಿಲ್ಲ, ಆಡಿದವನ ಕೈಗೇ ಗೊತ್ತಾಗುತ್ತದೆ.

ಇನ್ನು ಜೋರ್ಜಿ ಎಂಬ ಮುದುಕ. ಕೈಯಲ್ಲಿ ಬಿಡಿಸಿದ ಪಾಸ್‌ಪೋರ್ಟ್ ಹಿಡಿದು ಬರುತ್ತಾನೆ, ಇಲ್ಲದ ದೇಶದ್ದು. ಆಗುವುದಿಲ್ಲ ಎಂದರೆ ಬೇಸರವೇ ಇಲ್ಲ, ಮತ್ತೆ ಬರುತ್ತೇನೆ ಎಂದು ನಗುತ್ತಾ ಹೋಗುತ್ತಾನೆ. ಬರುತ್ತಾನೆ ಕೂಡ. ಪ್ರತಿ ಕಚೇರಿಗೂ ಒಬ್ಬ ಜೋರ್ಜಿ ಇರುತ್ತಾನೆ. ನಮ್ಮಲ್ಲಿ ಅವನು ಸೋಮವಾರ ಬರುತ್ತಾನೆ, ಬಹಳ ಕಾಲದ ಹಿಂದೆ ಮಾರಿದ ಜಮೀನಿನ ಪಹಣಿಯ ನಕಲು ಕೇಳಿಕೊಂಡು.

ನಿದ್ದೆ ಬರುವ ಮೊದಲು ಒಂದು ವಿಷಯ ಹೊಳೆಯಿತು, ಅದನ್ನು ಬರೆದೇ ಮಲಗಬೇಕು. ಪೋಪ್‌ನ ಮೇಜಿನ ಮೇಲೆ ಎರಡೇ ಮೊಹರು ಇವೆ. ನಮ್ಮಲ್ಲಿ ಮೂರು. ಮಂಜೂರು, ತಿರಸ್ಕೃತ, ಮತ್ತೆ ರಬ್ಬರಿನಲ್ಲಿ ಮಾಡಿಸದ ಮೂರನೆಯದು: ನಾಳೆ ಬನ್ನಿ. ಕೌಂಟರಿನಲ್ಲಿ ಅತಿ ಹೆಚ್ಚು ಬಳಕೆಯಾಗುವುದು ಅದೇ. ಒತ್ತಿದ ಗುರುತು ಕಾಗದದ ಮೇಲೆ ಉಳಿಯುವುದಿಲ್ಲ, ಷರಾ ಬರೆಯಬೇಕಾಗಿಲ್ಲ, ಯಾರ ಕಣ್ಣನ್ನೂ ನೋಡಬೇಕಾಗಿಲ್ಲ. ಆಟದಲ್ಲಿ ಅದನ್ನು ಕಿತ್ತುಕೊಂಡಿದ್ದಾನೆ. ನಿಂತವರ ಮುಖದೆದುರಿಗೇ ಹೌದು ಅಥವಾ ಅಲ್ಲ ಎನ್ನಬೇಕು. ಆಟದ ಕಷ್ಟವೆಲ್ಲ ಹುಟ್ಟುವುದು ಅಲ್ಲಿಂದ. 2012ರಲ್ಲಿ ಸಕಾಲ ಬಂದಾಗ ಮಾಡಲು ಹೊರಟದ್ದೂ ಇದನ್ನೇ ಅಲ್ಲವೇ? ಅರ್ಜಿಗೆ ಇಂತಿಷ್ಟು ದಿನವೆಂದು ಗಡುವು, ದಾಟಿದರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500. ಗ್ರೆಸ್ಟಿನ್‌ನಲ್ಲಿ ಮುರಿಯುವ ಐದು ಕ್ರೆಡಿಟ್‌ಗೆ ಮನೆಯಲ್ಲಿ ಒಲೆ ಆರುತ್ತದೆ, ಅದಕ್ಕೇ ಅಲ್ಲಿ ದಂಡ ನಾಟುತ್ತದೆ.

ಜುಲೈ 28, ಭಾನುವಾರ

ಸುಮಳನ್ನೂ ಕೂರಿಸಿದೆವು. ವೆಂಬಾ. ಟೊರಾಂಟೊದ ವಿಸೈ ಗೇಮ್ಸ್ 2023ರಲ್ಲಿ ಹೊರತಂದ ಚಿಕ್ಕ ಆಟ, ಒಂದೂವರೆ ಗಂಟೆಗೆ ಮುಗಿಯುತ್ತದೆ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ದಂಪತಿ, ಅವರ ಮಗ. ಅಮ್ಮ ಕೊಟ್ಟ ಅಡುಗೆ ಪುಸ್ತಕ ಹರಿದಿದೆ, ಅಕ್ಷರ ಅಳಿಸಿದೆ, ಉಳಿದದ್ದನ್ನು ಊಹಿಸಿ ಅಡುಗೆ ಮಾಡಬೇಕು. ಮೊದಲನೆಯದು ಇಡ್ಲಿ. ಪುಟ್ಟ, ತಟ್ಟೆಗಳನ್ನು ಹೇಗೆ ಜೋಡಿಸುವುದೆಂದು ತಲೆ ಕೆರೆದುಕೊಳ್ಳುತ್ತಿದ್ದರೆ ಸುಮ ಹಿಂದಿನಿಂದ ಕೈಯಾಡಿಸಿ, "ಆವಿ ಮೇಲೆ ಬರೋಕೆ ದಾರಿ ಬೇಡ್ವೇನೋ, ತಿರುಗಿಸು" ಎಂದಳು. ಸರಿಹೋಯಿತು.

"ಆ ಚಳೀಲಿ ಹಿಟ್ಟು ಹುದುಗು ಬರೋಕೆ ಏನು ಮಾಡ್ತಾಳಂತೆ?" ಎಂಬುದು ಅವಳ ಪ್ರಶ್ನೆ. ಈ ಮಳೆಗೆ ನಮ್ಮದೇ ಬರುತ್ತಿಲ್ಲ, ಅದಕ್ಕೆ ಕೇಳಿದ್ದು. ರೇಡಿಯೊದಲ್ಲಿ ಬರುವ ಹಾಡುಗಳನ್ನು ಹಳೇ ತಮಿಳು ಸಿನಿಮಾ ಸಂಗೀತದ ಧಾಟಿಯಲ್ಲೇ ಕಟ್ಟಿದ್ದಾರೆ, ಚೆನ್ನಾಗಿವೆ. ಮಗ ಬೆಳೆದು ಅಮ್ಮನ ಅಡುಗೆಯಿಂದ ದೂರವಾಗುವ ಹೊತ್ತಿಗೆ ಸುಮ ಮಾತು ನಿಲ್ಲಿಸಿದ್ದಳು. ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಮಗಳಿಗೆ ಫೋನು ಮಾಡಿ, ಊಟ ಆಯಿತಾ ಎಂದು ಕೇಳಿದಳು. ಆಡಲು ಬಾರದವರನ್ನೂ ಆಡಿಸಬಹುದಾದ ಆಟ ಇದೊಂದೇ.

ಆಗಸ್ಟ್ 2, ಶುಕ್ರವಾರ

ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಮಟ್ಟ. ಮನೆಗೆ ಬಂದರೆ ನಾನೂ ಹಡಗಿನ ಮೇಲೆ. ಪೋಪ್‌ನದೇ ಇನ್ನೊಂದು ಆಟ, 2018ರದ್ದು: ರಿಟರ್ನ್ ಆಫ್ ದಿ ಓಬ್ರಾ ಡಿನ್. 1802ರಲ್ಲಿ ಲಂಡನ್ನಿನಿಂದ ಪೂರ್ವದೇಶಗಳಿಗೆ ಹೊರಟ ಹಡಗು ಕಣ್ಮರೆಯಾಗಿ, 1807ರಲ್ಲಿ ಯಾರೂ ಇಲ್ಲದೆ ತೇಲಿ ಬರುತ್ತದೆ. 60 ಜನ ಇದ್ದರು. ಈಸ್ಟ್ ಇಂಡಿಯಾ ಕಂಪನಿ ವಿಮೆಯ ಲೆಕ್ಕ ಹಾಕಲು ಒಬ್ಬ ಇನ್ಸ್‌ಪೆಕ್ಟರನನ್ನು ಕಳಿಸುತ್ತದೆ, ಅದೇ ನಾವು. ಪರದೆಯ ತುಂಬ ಕಪ್ಪುಬಿಳಿ ಚುಕ್ಕಿ, ಹಳೇ ದಿನಪತ್ರಿಕೆಯ ಫೋಟೊದ ಹಾಗೆ. ಒಂದು ಗಡಿಯಾರವಿದೆ, ಹೆಣದ ಮುಂದೆ ತೆರೆದರೆ ಸಾಯುವ ಮುಂಚಿನ ಮಾತು ಕೇಳುತ್ತದೆ, ಆಮೇಲೆ ಆ ಗಳಿಗೆ ನಿಂತುಬಿಡುತ್ತದೆ, ಅದರೊಳಗೆ ಓಡಾಡಿ ನೋಡಬಹುದು. ಯಾರಿದು, ಹೇಗೆ ಸತ್ತ, ಯಾರು ಕೊಂದರು ಎಂದು ಪುಸ್ತಕದಲ್ಲಿ ತುಂಬಬೇಕು. ಮೂರು ಜನರದ್ದು ಸರಿಯಾದರೆ ಮಾತ್ರ ಆಟ ಒಪ್ಪಿಕೊಳ್ಳುತ್ತದೆ.

ಕಡತದ ಕೆಲಸ ಇಷ್ಟು ರೋಚಕವಾಗಿರುವುದು ಇದೇ ಮೊದಲು. ಹಡಗಿನವರ ಪಟ್ಟಿಯಲ್ಲಿ ಹೆಸರು, ಹುದ್ದೆ, ದೇಶ ಇದೆ. ಮುಖ ಯಾವುದು ಎಂದು ಇಲ್ಲ. ತೂಗುಹಾಸಿಗೆಯ ನಂಬರು, ಮಾತಿನ ಧಾಟಿ, ಯಾರ ಪಕ್ಕ ಯಾರು ನಿಂತಿದ್ದಾರೆ ಎಂಬುದರಿಂದ ಹಿಡಿಯಬೇಕು. ಅಧಿಕಾರಿಗಳನ್ನು ಬೇಗ ಗುರುತಿಸಬಹುದು, ಅವರ ಹೆಸರನ್ನು ಎಲ್ಲರೂ ಕೂಗುತ್ತಾರೆ. ಪಟ್ಟಿಯಲ್ಲಿ ಭಾರತೀಯ ಖಲಾಸಿಗಳಿದ್ದಾರೆ. ಅವರಲ್ಲಿ ಇಬ್ಬರು ಪ್ರಯಾಣದ ಶುರುವಿನಲ್ಲೇ ಕಾಯಿಲೆ ಬಿದ್ದು ಸಾಯುತ್ತಾರೆ. ಯಾವ ಹೆಣ ಯಾವ ಹೆಸರಿನದು ಎಂದು ನನಗೆ ಇನ್ನೂ ಬಗೆಹರಿದಿಲ್ಲ. ಕೊನೆಗೆ ಕಂಪನಿ ಪ್ರತಿಯೊಬ್ಬನ ಲೆಕ್ಕ ಚುಕ್ತಾ ಮಾಡುತ್ತದೆಯಂತೆ, ಕೆಲವರ ಮನೆಯವರಿಗೆ ಪರಿಹಾರ, ಕೆಲವರ ಆಸ್ತಿಗೆ ದಂಡ. ಆ ಇಬ್ಬರ ಹೆಸರು ಸರಿಯಾಗಿ ಬರೆಯದೆ ಕಡತ ಮುಚ್ಚಬಾರದು ಎಂದು ಹಟ ಬಂದಿದೆ.

ಆಗಸ್ಟ್ 4, ಭಾನುವಾರ

ನಾಳೆ ಬೆಳಗಿನ ಬಸ್ಸಿಗೆ ಪುಟ್ಟ ಹೊರಡುತ್ತಾನೆ, ಲ್ಯಾಪ್‌ಟಾಪೂ ಹೋಗುತ್ತದೆ. ಖಲಾಸಿಗಳ ಹೆಸರು ಸಂಜೆ ಹೊಂದಿಸಿದೆ. ಅಣ್ಣ ಫೋನು ಮಾಡಿದ್ದ, ಔಷಧಿ ಹೊಡೆದಾಯಿತಂತೆ.

ಈ ಆಟಗಳಲ್ಲಿ ಯಾವುದು ಮೇಲು ಎಂದು ಪುಟ್ಟ ಕೇಳಿದ. ಯೋಚನೆ ಮಾಡಬೇಕಾಗಿರಲಿಲ್ಲ, ಗ್ರೆಸ್ಟಿನ್ ಗಡಿಯದು. ನಮ್ಮಲ್ಲಿ ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ತರಬೇತಿ ಕೊಡುತ್ತಾರೆ. ನಿಯಮಾವಳಿ, ಟಿಪ್ಪಣಿ ಬರೆಯುವುದು, ಕಡತ ವಿಲೇವಾರಿ, ಎಲ್ಲ ಇರುತ್ತದೆ. ಅದರಲ್ಲಿ ಒಂದು ಮಧ್ಯಾಹ್ನ ಇದನ್ನು ಆಡಿಸಬೇಕು. ಉಪನ್ಯಾಸ ಬೇಡ, ಯಾರೂ ಏನೂ ವಿವರಿಸುವುದೂ ಬೇಡ. 'ನಾಳೆ ಬನ್ನಿ' ಎನ್ನಲಾಗದ ಕಿಟಕಿಯ ಹಿಂದೆ ಒಂದು ದಿನ ಕೂತರೆ ಸಾಕು. ಲ್ಯಾಪ್‌ಟಾಪ್ ಇಲ್ಲದಿದ್ದರೂ ಅಡ್ಡಿಯಿಲ್ಲ, 2022ರಿಂದ ಫೋನಿನಲ್ಲೂ ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕು.